ನಡುವಿನ ಅಳತೆ

ರೊಕ್ಕಾನೇರಾ
14 ಜೂನ್ 1954, ಸೋಮವಾರ

ಪ್ರೀತಿಯ ಚಿರಿನೋ,

ಮೊದಲು ನಿಮ್ಮ ಆರೋಗ್ಯದ ವಿಚಾರ. ಸಂಜೆ ಹೊತ್ತು ಜ್ವರ ಏರುವುದು ನಿಂತಿದೆಯೇ? ಊಟ ಸೇರುತ್ತಿದೆಯೇ? ಆ ಉತ್ತರದವರು ಎಲ್ಲಕ್ಕೂ ಬೆಣ್ಣೆ ಹಾಕುತ್ತಾರೆ ಎಂದು ಬರೆದಿದ್ದಿರಿ. ಔಷಧಿ ಎಂದುಕೊಂಡು ತಿನ್ನಿ, ಮೂಗು ಮುರಿಯಬೇಡಿ. ಕ್ಷಯದ ಆಸ್ಪತ್ರೆ ಸೇರಿ ಹದಿನಾಲ್ಕು ತಿಂಗಳಾದ ಮೇಲೂ ಅಡಿಗೆಯವನ ಜೊತೆ ಜಗಳ ಆಡುವ ಗಂಡಸು ನೀವೊಬ್ಬರೇ ಇರಬೇಕು. ನಾನು ಚೆನ್ನಾಗಿದ್ದೇನೆ. ಮೊಣಕಾಲು ನೋವು ಇದ್ದ ಹಾಗೇ ಇದೆ, ಹೆಚ್ಚಾಗಿಲ್ಲ ಅನ್ನುವುದೇ ಸುದ್ದಿ. ನಮ್ಮ ಬೆಂಕಿಬೆಟ್ಟ ನಾಲ್ಕು ದಿನದಿಂದ ಬೂದಿ ಉದುರಿಸುತ್ತಿದೆ, ಒಗೆದ ಟವೆಲುಗಳನ್ನು ಮತ್ತೆ ಒಗೆಯುವುದೇ ನನ್ನ ಕೆಲಸವಾಗಿದೆ. ನಿಮ್ಮ ಚಿಕ್ಕಪ್ಪನ ಮಗ ಅಲ್ಫಿಯೋ ಅಂಗಡಿಯನ್ನು ನಿಯತ್ತಿನಿಂದ ನಡೆಸುತ್ತಿದ್ದಾನೆ. ಗಡ್ಡ ಹೆರೆಯುವುದರಲ್ಲಿ ನಿಮ್ಮ ಕೈ ಅವನಿಗೆ ಬಂದಿಲ್ಲ. ಪಾದ್ರಿಯವರ ಕೊರಳಲ್ಲಿ ಎರಡು ಸಲ ರಕ್ತ ತೆಗೆದಿದ್ದಾನೆ. ಅವರು ಕ್ಷಮಿಸಿದ್ದಾರೆ, ಅವರ ಕೆಲಸವೇ ಅದಲ್ಲವೇ.

ಚಳಿಗಾಲದಿಂದ ಈಚೆಗೆ ನಿಮ್ಮಿಂದ ಐದು ಕಾಗದ ಬಂದಿವೆ. ಐದರಲ್ಲೂ ಕೊನೆಗೆ ಅದೇ ಪ್ರಶ್ನೆ: ನನ್ನ ಕುರ್ಚಿ ಹಾಗೇ ಇದೆ ತಾನೇ? ಐದು ಸಲವೂ ನಾನು ಬೇರೆ ಏನೇನೋ ಬರೆದು ಜಾರಿಕೊಂಡೆ. ಇವತ್ತು ಹೇಳುತ್ತೇನೆ. ಇಲ್ಲ, ಚಿರಿನೋ. ನಮ್ಮ ಮೇಳದ ಮೊದಲ ಮ್ಯಾಂಡೊಲಿನ್ನಿನ ಕುರ್ಚಿಯಲ್ಲಿ ಹೋದ ಸೋಮವಾರದಿಂದ ಕಟುಕ ಬಸ್ತಿಯಾನೋ ಕೂರುತ್ತಿದ್ದಾನೆ. ಮೇಳದವರು ಕೂರಿಸಿದ್ದಲ್ಲ, ನಾನು ಕೂರಿಸಿದ್ದು. ಈಗ ನಿಮಗೆ ಸಿಟ್ಟು ಬಂದಿರುತ್ತದೆ. ಕಾಗದವನ್ನು ದಿಂಬಿನ ಕೆಳಗಿಟ್ಟು ಆ ಉದ್ದನೆಯ ಜಗುಲಿಯಲ್ಲಿ ಒಂದು ಸುತ್ತು ನಡೆದು ಬನ್ನಿ, ಕೆಮ್ಮು ಬರುವಷ್ಟು ಜೋರಾಗಿ ಬೇಡ. ಬಂದಮೇಲೆ ಉಳಿದದ್ದನ್ನು ಓದಿ.

ನೀವು ಹೋದ ಮೇಲೆ ಮೇಳದಲ್ಲಿ ಒಂಬತ್ತು ಜನ ಉಳಿದರು. ಒಂಬತ್ತು ಜನರ ಕೈಯಲ್ಲೂ ಚಿಕ್ಕ ಮ್ಯಾಂಡೊಲಿನ್ನೇ. ಇದರಲ್ಲಿ ಅರ್ಧ ತಪ್ಪು ನಿಮ್ಮದು ಮತ್ತು ವಾದ್ಯ ನೇತುಹಾಕುವ ನಿಮ್ಮ ಮೊಳೆಗಳದು. ಅಂಗಡಿಯಲ್ಲಿ ಕನ್ನಡಿ ಇರುವ ಗೋಡೆಯ ಮೊಳೆಗಳಿಗೆ ಇರುವ ಮರ್ಯಾದೆ ಮುಖ ತೊಳೆಯುವ ಬೇಸಿನ್ನಿನ ಗೋಡೆಗೆ ಯಾವತ್ತೂ ಇರಲಿಲ್ಲ. ಕನ್ನಡಿಗೆ ತಾಗಿದ ಮೊಳೆ ನಿಮ್ಮದು, ಅದರ ಪಕ್ಕದ್ದು ಎರಡನೆಯವನದು, ಹಾಗೇ ಬಾಗಿಲವರೆಗೆ. ನಡುವಿನ ಅಳತೆಯ ಮಂಡೋಲಾ ಮೂರೂ, ಎಲ್ಲಕ್ಕಿಂತ ದೊಡ್ಡ ಮಂಡೋಲೊಂಚೆಲ್ಲೊ ಒಂದೂ ಬೇಸಿನ್ನಿನ ಗೋಡೆಯಲ್ಲಿ ಸೋಪಿನ ನೊರೆ ಸಿಡಿಸಿಕೊಂಡು ನೇತಾಡುತ್ತಿದ್ದವು. ಆ ದೊಡ್ಡದನ್ನು ಹಂಡೆ ಹಂಡೆ ಎಂದು ಕರೆದು ಕರೆದು ಅದರ ನಿಜವಾದ ಹೆಸರು ಅರ್ಧ ಜನರಿಗೆ ಮರೆತೇ ಹೋಗಿದೆ. ಅವನ್ನು ನುಡಿಸುತ್ತಿದ್ದ ಮುದುಕರು ಒಬ್ಬೊಬ್ಬರಾಗಿ ತೀರಿಕೊಂಡರು, ಅವರ ಜಾಗಕ್ಕೆ ಬಂದವರೆಲ್ಲ ಕನ್ನಡಿಯ ಕಡೆಗೇ ಸರಿದರು. ದೊಡ್ಡ ಅಳತೆಗೆ ಹೋಗುವುದು ಅಂದರೆ ಇವರ ಲೆಕ್ಕದಲ್ಲಿ ಕೆಳಗಿಳಿಯುವುದು. ನಮ್ಮ ಟೈಲರ್ ಬಾಯಿಬಿಟ್ಟೇ ಹೇಳಿದ್ದ: "ನಾನು ಬೇಸಿನ್ ಗೋಡೆಗೆ ಹೋದೆ ಅಂತ ಗೊತ್ತಾದ್ರೆ ನಮ್ಮ ಬೀಗರ ಮುಂದೆ ತಲೆ ಎತ್ತೋದು ಹೇಗೆ?"

ಮೇ ತಿಂಗಳಲ್ಲಿ ಕತಾನಿಯಾದ ಸ್ಪರ್ಧೆಯವರು ಒಬ್ಬ ಮನುಷ್ಯನನ್ನು ಕಳಿಸಿದರು, ಯಾವ ಮೇಳವನ್ನು ಸೇರಿಸಿಕೊಳ್ಳಬೇಕು ಎಂದು ಕೇಳಿನೋಡಲು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ನಮ್ಮವರು ನುಡಿಸಿದ್ದನ್ನು ಪೂರ್ತಿ ಕೇಳಿದ. ನಾನು ಕೊಟ್ಟ ಬಾದಾಮಿ ಐಸು ಗ್ರನೀತಾವನ್ನು ತಳದವರೆಗೆ ತಿಂದ. ಆಮೇಲೆ ಮೇಳ ನಡೆಸುವ ಮಾಯೆಸ್ತ್ರೋ ಪಾಪಾಲಾರ್ದೋ ಅವರಿಗೆ ಹೇಳಿದ: "ಒಂಬತ್ತು ಜನಾನೂ ಮೇಲೆ ಹತ್ತಿ ಕೂತಿದ್ದೀರಿ, ಸಂತೋಷ. ಕೆಳಗೆ ಯಾರಿದ್ದಾರೆ ಸ್ವಾಮಿ? ಗೋಡೆ ಇಲ್ಲದೆ ಹೆಂಚು ಹೊದಿಸಿದ ಹಾಗಿದೆ." ಸೆಪ್ಟೆಂಬರ್ ಐದರೊಳಗೆ ಮೂರೂ ಅಳತೆಯ ವಾದ್ಯಗಳಿರುವ ಮೇಳ ಕಟ್ಟಿಕೊಂಡು ಬನ್ನಿ, ಇಲ್ಲದಿದ್ದರೆ ಬಸ್ಸಿನ ಖರ್ಚು ಉಳಿಸಿ ಎಂದು ಹೇಳಿ ಟೋಪಿ ಹಾಕಿಕೊಂಡು ಹೋದ. ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ನಮ್ಮವರು ಅವನನ್ನು ಒಂದು ವಾರ ಬೈದರು.

ಮಾಯೆಸ್ತ್ರೋ ನಿಮಗೆ ಗೊತ್ತಲ್ಲ, ಮೂವತ್ತು ವರ್ಷ ಊರಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವರು. ತಂತಿ ವಾದ್ಯದ ವಿಷಯ ಅವರಿಗೆ ಅಷ್ಟಕ್ಕಷ್ಟೆ, ಆದರೆ ಒಪ್ಪಿಕೊಳ್ಳುವವರಲ್ಲ. ಬ್ಯಾಂಡಿನಲ್ಲಿ ದಪ್ಪಗಿರುವವನಿಗೆ ದೊಡ್ಡ ತುತ್ತೂರಿ ಕೊಡುತ್ತಿದ್ದರು, ಹೊತ್ತು ನಡೆಯಬೇಕಲ್ಲ. ಇಲ್ಲೂ ಅದನ್ನೇ ಮಾಡಲು ಹೊರಟರು. ಟೈಲರನ ಟೇಪು ತೆಗೆದುಕೊಂಡು ಒಬ್ಬೊಬ್ಬರ ಎದೆ, ಅಂಗೈ, ಕಿರುಬೆರಳು ಎಲ್ಲ ಅಳೆದು ಕ್ಯಾಲೆಂಡರಿನ ಹಿಂದೆ ಬರೆದುಕೊಂಡರು. ಎಲ್ಲರಿಗಿಂತ ಅಗಲವಾದ ಬಸ್ತಿಯಾನೋಗೆ ಹಂಡೆ. ಎಲ್ಲರಿಗಿಂತ ಗಿಡ್ಡನಾದ ತಾನೋಗೆ, ಅದೇ ಚರ್ಚಿನ ಗಂಟೆ ಹೊಡೆಯುವವನಿಗೆ, ಚಿಕ್ಕ ಮ್ಯಾಂಡೊಲಿನ್ ಹಾಗೇ ಇರಲಿ ಎಂದಾಯಿತು. ನಡುವಿನ ಮೈಯವರಿಗೆ ನಡುವಿನ ಮಂಡೋಲಾ. ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು. ನಾನು ಪರದೆಯ ಹಿಂದೆ ಇಸ್ತ್ರಿ ಮಾಡುತ್ತಾ ಬಾಯಿ ಮುಚ್ಚಿಕೊಂಡಿದ್ದೆ.

ಎರಡು ಸೋಮವಾರ ಅಂಗಡಿಯಲ್ಲಿ ನಡೆದದ್ದು ಸಂಗೀತವಲ್ಲ. ಹಂಡೆಯ ಕೆಲಸ ನಿಮಗೆ ಗೊತ್ತು: ಒಂದು ಸ್ವರ ಮೀಟಬೇಕು, ಆಮೇಲೆ ಮೇಲಿನವರು ಏನು ಮಾಡಿದರೂ ಸುಮ್ಮನೆ ಎಣಿಸುತ್ತಾ ಕಾಯಬೇಕು. ಬಸ್ತಿಯಾನೋ ನಾಲ್ಕು ಎಣಿಸಬೇಕಾದಲ್ಲಿ ಎರಡಕ್ಕೇ ಮುಂದಿನ ಸ್ವರವನ್ನು ಕೊಚ್ಚಿ ಹಾಕುತ್ತಿದ್ದ. ಮಾಯೆಸ್ತ್ರೋ ಕೂಗಿದರೆ, "ಕೈ ಕಟ್ಕೊಂಡು ಎಣಿಸ್ತಾ ಕೂರೋಕೆ ನಾನೇನು ಗೋಡೆ ಗಡಿಯಾರಾನಾ?" ಎಂದು ಇವನೂ ಕೂಗಿದ. ತಾನೋ ಇದಕ್ಕೆ ಪೂರ್ತಿ ಉಲ್ಟಾ. ಎಲ್ಲರೂ ಶುರು ಮಾಡಿದ ಮೇಲೆ ಒಮ್ಮೆ ಸುತ್ತ ನೋಡಿ ಆಮೇಲೆ ತಾನು ಶುರು ಮಾಡುತ್ತಿದ್ದ. ಅಲ್ಫಿಯೋ ಬಿಡುತ್ತಾನೆಯೇ, "ಇವನು ಎಲ್ಲಾದಕ್ಕೂ ಆಮೆನ್ ಆಗ್ಲಿ ಅಂತ ಕಾಯ್ತಾನೆ ಕಣ್ರೋ" ಅಂದ. ತಾನೋ ಎದ್ದು ಟೋಪಿ ಕೈಗೆ ತೆಗೆದುಕೊಂಡ. ಬಸ್ತಿಯಾನೋ ಹಂಡೆಯನ್ನು ನೆಲಕ್ಕೆ ಕುಕ್ಕಿದ. ಮಾಯೆಸ್ತ್ರೋ ಅವರು ತಮ್ಮ ಬ್ಯಾಂಡಿನ ದಿನಗಳನ್ನು ನೆನೆದು ಎಲ್ಲರನ್ನೂ ಒಟ್ಟಿಗೆ ಬೈದರು. ಅಲ್ಲಿಗೆ ಮೇಳ ಮುಗಿಯಿತು ಎಂದೇ ನನಗೆ ಅನ್ನಿಸಿತು.

ಆಗ ನಾನು ಇಸ್ತ್ರಿ ಪೆಟ್ಟಿಗೆ ಕೈಯಲ್ಲಿ ಹಿಡಿದುಕೊಂಡೇ ಪರದೆ ಸರಿಸಿ ಹೊರಗೆ ಬಂದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ನೀವು ನೋಡಬೇಕಿತ್ತು ಅವರ ಮುಖಗಳನ್ನು. ಕಾಫಿ ತಂದಿದ್ದೇನೆ ಎಂದುಕೊಂಡು ಟೈಲರ್ ಕೈ ಚಾಚಿದ. ಒಂಬತ್ತನೆಯ ವಯಸ್ಸಿನಿಂದ ನಿಮ್ಮನ್ನು ಕಟ್ಟಿಕೊಳ್ಳುವವರೆಗೆ ನಾನು ಕತಾನಿಯಾದಲ್ಲಿ ಅಪ್ಪನ ಕಾರ್ಖಾನೆಯಲ್ಲಿ ಈ ಮೂರೂ ಅಳತೆಗಳಿಗೆ ಅಂಟು ಬಳಿದವಳು, ತಂತಿ ಕಟ್ಟಿದವಳು, ಶ್ರುತಿ ಹಿಡಿದು ಪೆಟ್ಟಿಗೆಗೆ ಹಾಕಿದವಳು. ಅದು ನಿಮಗೂ ನೆನಪಿರುವುದಿಲ್ಲ, ಇವರಿಗೆ ಎಲ್ಲಿಂದ ನೆನಪಿರಬೇಕು. ನಾನು ಹೇಳಿದ್ದು ಇಷ್ಟೇ: "ಮಾಯೆಸ್ತ್ರೋ, ಟೇಪು ಒಳಗಿಡಿ. ಎದೆ ಅಳೆಯೋಕೆ ಇದು ಕೋಟಲ್ಲ. ಕಾಯೋಕೆ ಆಗದವನಿಗೆ ಚಿಕ್ಕದು ಕೊಡಿ, ಅದಕ್ಕೆ ಪುರಸೊತ್ತೇ ಇರಲ್ಲ. ಕಾಯೋನಿಗೆ ದೊಡ್ಡದು ಕೊಡಿ. ತಾನೋ ದಿನಾ ಮೂರು ಹೊತ್ತು ಹಗ್ಗ ಹಿಡ್ಕೊಂಡು ಸರಿಯಾದ ಗಳಿಗೆಗೆ ಕಾಯ್ತಾನೆ. ಒಂದು ದಿನಾನಾದ್ರೂ ಗಂಟೆ ತಪ್ಪಿದ್ದಾನಾ?" ಮಾಯೆಸ್ತ್ರೋ ಟೇಪು ಸುತ್ತಿ ಟೈಲರನಿಗೆ ಕೊಟ್ಟರು. ನನ್ನ ಕೈಯಲ್ಲಿ ಬಿಸಿ ಇಸ್ತ್ರಿ ಪೆಟ್ಟಿಗೆ ಇತ್ತು, ಅದೂ ಕಾರಣವಿರಬಹುದು.

ಬದಲಾಯಿಸಿ ನೋಡಿದರು. ತಾನೋ ಹಂಡೆಯ ಹಿಂದೆ ಕೂತರೆ ಹಣೆ ಮಾತ್ರ ಕಾಣಿಸುತ್ತದೆ. ಆದರೆ ಎಣಿಕೆ ಮುಗಿದ ಗಳಿಗೆಗೆ ಸರಿಯಾಗಿ ಆ ಕೆಳಗಿನ ದಪ್ಪ ಸ್ವರ ಬಂತು ನೋಡಿ, ಕನ್ನಡಿಯ ಮುಂದಿನ ಲೋಷನ್ ಬಾಟಲಿಗಳು ಗುಂಯ್ ಅಂದವು. ಬಸ್ತಿಯಾನೋನ ಅಂಗೈಯಲ್ಲಿ ಚಿಕ್ಕ ಮ್ಯಾಂಡೊಲಿನ್ ಒಂದು ಅಂಜೂರದ ಹಣ್ಣಿನಷ್ಟು ಕಾಣುತ್ತದೆ. ಹದಿನಾರು ವರ್ಷ ನೀವು ಅವನನ್ನು ಹಿಂದಿನ ಸಾಲಿನಲ್ಲೇ ಇಟ್ಟಿರಿ, ಅವನ ಬೆರಳು ದಪ್ಪ, ವಾದ್ಯದ ಎರಡು ಮೆಟ್ಟು ಒಟ್ಟಿಗೆ ಒತ್ತುತ್ತಾನೆ ಎಂದು. ಪರದೆಯ ಹಿಂದೆ ಕೂತವಳಿಗೆ ಬೆರಳು ಕಾಣಿಸುವುದಿಲ್ಲ ಚಿರಿನೋ, ಕೇಳಿಸುವುದು ಮಾತ್ರ ಕೇಳಿಸುತ್ತದೆ. ಎಳೆದು ನಡುಗಿಸುವ ಸ್ವರದಲ್ಲಿ ಅವನ ಮಣಿಕಟ್ಟಿಗೆ ಇರುವ ಹದ ಈ ಊರಿನಲ್ಲಿ ನಿಮ್ಮನ್ನು ಬಿಟ್ಟರೆ ಇನ್ನೊಬ್ಬರಿಗೆ ಇಲ್ಲ. ನಿಮಗೂ ಇದು ಗೊತ್ತಿತ್ತು, ಅದಕ್ಕೇ ಹಿಂದೆ ಇಟ್ಟಿರಿ. ಬೇಜಾರು ಮಾಡಿಕೊಳ್ಳಬೇಡಿ, ನಾನು ಗಂಡನ ಕಡೆಯವಳೇ.

ಮಂಡೋಲಾಕ್ಕೆ ಮಾತ್ರ ಯಾರೂ ಬರಲಿಲ್ಲ. ಬೇಸಿನ್ನಿನ ಗೋಡೆ ಎಂದರೆ ಬೇಸಿನ್ನಿನ ಗೋಡೆಯೇ. ಮಾತಿನಲ್ಲಿ ಗೆಲ್ಲುವ ಜಗಳ ಅದಲ್ಲ ಎಂದು ನಾನು ಮಾರನೆಯ ದಿನ ಅಲ್ಫಿಯೋ ಕೈಯಲ್ಲಿ ಸುತ್ತಿಗೆ ಕೊಟ್ಟು, ಮೂರು ಮಂಡೋಲಾಗಳನ್ನೂ ಒರೆಸಿ ಕನ್ನಡಿಯ ಇನ್ನೊಂದು ಪಕ್ಕದಲ್ಲಿ ಸಾಲಾಗಿ ನೇತುಹಾಕಿಸಿದೆ, ನಿಮ್ಮ ಲೈಸೆನ್ಸಿನ ಚೌಕಟ್ಟನ್ನು ಇಳಿಸಿ ಜಾಗ ಮಾಡಿ. ಗುರುವಾರ ಗಡ್ಡಕ್ಕೆ ಬಂದ ಟೈಲರ್ ಮುಖದ ತುಂಬ ನೊರೆ ಇಟ್ಟುಕೊಂಡು ಅವನ್ನೇ ನೋಡುತ್ತಿದ್ದ. "ಅಲ್ಲ ದೊನ್ನಾ ವೆನೆರಾ, ಈ ಮಂಡೋಲಾ ಹಿಡಿಯೋರು ಇನ್ನೂ ಗೊತ್ತಾಗಿಲ್ವಾ? ಯಾರೂ ಇಲ್ಲಾಂದ್ರೆ ನಾನೇ ಏನೋ ಸುಧಾರಿಸ್ತೀನಿ." ಸುಧಾರಿಸಿ ಅಂದೆ. ಅಲ್ಫಿಯೋನನ್ನು ಕೇಳಲಿಲ್ಲ, ಎರಡನೆಯದು ನಿನ್ನದು ಎಂದು ಹೇಳಿದೆ.

ಉಳಿದದ್ದು ನಿಮ್ಮ ಕುರ್ಚಿ. ಬದುಕಿರುವವನ ಮೊಳೆಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ, ಇಳಿಸುವುದಾದರೆ ಅವನೇ ಇಳಿಸಬೇಕು, ಇಲ್ಲವೇ ಅವನ ಹೆಂಡತಿ. ಹೋದ ಸೋಮವಾರ ಎಲ್ಲರೂ ಬಂದು ಕೂತ ಮೇಲೆ ನಾನು ಸ್ಟೂಲು ಎಳೆದುಕೊಂಡು ಹತ್ತಿದೆ. ಅಲ್ಫಿಯೋ ಕತ್ತರಿ ಕೆಳಗಿಟ್ಟು, "ಅತ್ತಿಗೆ, ಅದು ಅಣ್ಣಂದು. ಅಣ್ಣ ಬರ್ತಾನೆ ಅತ್ತಿಗೆ, ಅದನ್ನ ಮುಟ್ಟಬೇಡಿ" ಎಂದು ಅಳುವ ಧ್ವನಿಯಲ್ಲಿ ಹೇಳಿದ. ಬರುತ್ತಾರೆ ಅಂತ ನನಗೂ ಗೊತ್ತು ಅಂದೆ. ನಿಮ್ಮ ಮ್ಯಾಂಡೊಲಿನ್ ಇಳಿಸಿ, ತಂತಿ ಸಡಿಲ ಮಾಡದೆ, ಇದ್ದ ಶ್ರುತಿಯಲ್ಲೇ ಒಳಗೆ ಒಯ್ದು ನಮ್ಮ ಮಂಚದ ಮೇಲೆ ನಿಮ್ಮ ಕಡೆಗೆ ಮಲಗಿಸಿದೆ. ಖಾಲಿ ಮೊಳೆಗೆ ಬಸ್ತಿಯಾನೋ ತನ್ನದನ್ನು ತಾನೇ ನೇತುಹಾಕಲಿಲ್ಲ, ನನ್ನ ಕೈಗೆ ಕೊಟ್ಟ. ಅವನಿಗೆ ಅಷ್ಟು ಸೂಕ್ಷ್ಮ ಇದೆ ಎಂದು ನಾನು ಎಣಿಸಿರಲಿಲ್ಲ. "ದೋನ್ ಚಿರಿನೋ ಬಾಗಿಲಲ್ಲಿ ಕಾಣಿಸಿದ ಕೂಡ್ಲೇ ನಾನು ಎದ್ದು ನಿಲ್ತೀನಿ" ಅಂದ. "ಏಳೋದಿದ್ರೆ ಈಗಲೇ ಏಳು ಬಸ್ತಿಯಾನೋ. ಕೂರೋದಾದ್ರೆ ಸರಿಯಾಗಿ ಕೂತ್ಕೋ" ಅಂದೆ. ಕೂತ. ಆಮೇಲೆ ನಾನು ಒಳಗೆ ಹೋಗಿ ಅತ್ತೆ. ಮುಚ್ಚಿಡುವುದೇಕೆ, ಚೆನ್ನಾಗಿಯೇ ಅತ್ತೆ. ಹೊರಗೆ ಅವರು ನುಡಿಸಲು ಶುರು ಮಾಡಿದ್ದರಿಂದ ಯಾರಿಗೂ ಕೇಳಿಸಲಿಲ್ಲ.

ಇವತ್ತು ಮತ್ತೆ ಅಭ್ಯಾಸ ಇತ್ತು, ಈಗಷ್ಟೇ ಮುಗಿಸಿ ಹೋದರು. ಮೊದಲ ಸಾಲಿನಲ್ಲಿ ಮೂವರು, ಎರಡನೆಯದರಲ್ಲಿ ಮೂವರು, ಮಂಡೋಲಾ ಇಬ್ಬರು, ಕೆಳಗೆ ತಾನೋ. ಹೇಗಿದೆ ಎಂದರೆ, ಮೊದಲೆಲ್ಲ ಹಾಡು ತಲೆಯ ಮೇಲೆ ಎಲ್ಲೋ ಹಾರಾಡುತ್ತಿತ್ತು, ಈಗ ಅದಕ್ಕೆ ಕಾಲು ಬಂದು ಕೋಣೆಯಲ್ಲಿ ನಡೆದಾಡುತ್ತಿದೆ. ಗೆಲ್ಲುತ್ತಾರೋ ಇಲ್ಲವೋ ಗೊತ್ತಿಲ್ಲ. ಟೈಲರ್ ಈಗಲೂ ಪುಟ ತಿರುಗಿಸುವಾಗ ಎರಡು ಸ್ವರ ನುಂಗುತ್ತಾನೆ. ಮಾಯೆಸ್ತ್ರೋ ಅವರು ಈ ಏರ್ಪಾಡೆಲ್ಲ ತಮ್ಮ ತಲೆಯಿಂದಲೇ ಬಂದದ್ದು ಎಂದು ಪಾದ್ರಿಯವರ ಮುಂದೆ ಹೇಳಿಕೊಂಡಿದ್ದಾರೆ, ಹೇಳಿಕೊಳ್ಳಲಿ.

ಎಲ್ಲರೂ ನಿಮ್ಮನ್ನು ಕೇಳಿದ್ದಾರೆ. ಅಲ್ಫಿಯೋ ನಿಮ್ಮ ಕಾಲಿಗೆ ಬಿದ್ದೆ ಎಂದು ಬರೆಯಲು ಹೇಳಿದ. ಬಸ್ತಿಯಾನೋ ನಿಮಗೆಂದು ಸೋಂಪು ಹಾಕಿದ ಸಾಸೇಜು ಕೊಟ್ಟ, ಅಷ್ಟು ದೂರ ಹೋಗುವುದರೊಳಗೆ ಕೆಡುತ್ತದೆ ಎಂದು ನಾನೇ ತಿಂದೆ, ಚೆನ್ನಾಗಿತ್ತು. ನಮ್ಮನ್ನು ಕಾಯುವ ಮೂವರು ಸಂತರೂ ನಿಮ್ಮ ಮಂಚದ ಪಕ್ಕದಲ್ಲಿರಲಿ, ನಿಮ್ಮ ಹೆಸರಿನವನು ಉಳಿದಿಬ್ಬರಿಗಿಂತ ಸ್ವಲ್ಪ ಹತ್ತಿರ ಕೂರಲಿ. ರಾತ್ರಿ ಕಿಟಕಿ ತೆರೆದಿಟ್ಟು ಮಲಗಿಸುತ್ತಾರಂತಲ್ಲ, ಕಾಲಿಗೆ ಉಣ್ಣೆ ಚೀಲ ಹಾಕಿಕೊಳ್ಳಿ.

ನಿಮ್ಮವಳೇ ಆದ
ವೆನೆರಾ

ಮರೆತ ಮಾತು: ಅಂಚೆ ಬಸ್ಸು ಹೊರಡಲು ಕಾಲು ಗಂಟೆ ಇದೆ, ಮರೆತದ್ದೂ ಅಲ್ಲ, ಧೈರ್ಯ ಬರಲಿಲ್ಲ. ಮಾರ್ಚಿನಲ್ಲಿ ನಿಮ್ಮ ಬನಿಯನ್ನುಗಳನ್ನು ಅಲ್ಲಿಯ ಕನ್ಯಾಸ್ತ್ರೀ ನನಗೆ ಹಿಂದಕ್ಕೆ ಕಳಿಸಿದಾಗ ಒಂದು ಚೀಟಿ ಇಟ್ಟಿದ್ದರು: ಮುಂದುಗಡೆ ಗುಂಡಿ ಇರುವಂಥವು ಕಳಿಸಿ, ಆಪರೇಷನ್ನಿನಲ್ಲಿ ಬಲಗಡೆಯ ಪಕ್ಕೆಲುಬು ತೆಗೆದ ಮೇಲೆ ಅವರ ತೋಳು ತಲೆಯವರೆಗೆ ಏಳುವುದಿಲ್ಲ ಎಂದು. ನನಗೆ ತಿಳಿದಿದೆ ಎಂದುಕೊಂಡೇ ಬರೆದಿದ್ದಾರೆ, ಅವರನ್ನು ಬೈಯಬೇಡಿ. ನೀವು ಮಾತ್ರ ಗಾಳಿ ಚೆನ್ನಾಗಿದೆ, ಹಿಮ ಬಿದ್ದಿದೆ ಎಂದು ಬರೆಯುತ್ತಿದ್ದಿರಿ. ಒಂದು ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿಕೊಂಡು, ನನ್ನ ಬಲ ಮೊಣಕೈಯನ್ನು ಟವೆಲಿನಿಂದ ಮೈಗೆ ಬಿಗಿದು ಕಟ್ಟಿಕೊಂಡು, ಮೂರೂ ಅಳತೆಗಳನ್ನು ಒಂದೊಂದಾಗಿ ಹಿಡಿದು ನೋಡಿದೆ. ಚಿಕ್ಕದು ಜಾರುತ್ತದೆ, ಅದನ್ನು ಮುಂಗೈಯಿಂದ ಎದೆಗೆ ಒತ್ತಿ ಹಿಡಿಯಬೇಕು, ಮೇಲಾಗಿ ಅದಕ್ಕೆ ಒಂದು ನಿಮಿಷ ಬಿಡುವಿಲ್ಲ. ಹಂಡೆ ಹಿಡಿದರೆ ಮೊಣಕೈ ಹೆಗಲಿನ ಮಟ್ಟಕ್ಕೆ ಏಳಬೇಕು. ಮಂಡೋಲಾ ತನ್ನ ಭಾರಕ್ಕೆ ತಾನೇ ತೊಡೆಯ ಮೇಲೆ ಕೂರುತ್ತದೆ, ಎದೆಗೆ ತಗಲುವುದಿಲ್ಲ, ಕೈ ಕಟ್ಟಿಕೊಂಡೇ ಅರ್ಧ ಗಂಟೆ ನುಡಿಸಿದೆ. ಬೆರಳಿಡುವ ಜಾಗಗಳೆಲ್ಲ ಮ್ಯಾಂಡೊಲಿನ್ನಿನವೇ, ಹೊಸದಾಗಿ ಕಲಿಯುವುದು ಏನೂ ಇಲ್ಲ. ಮೊದಲ ಕುರ್ಚಿ ಹಾಗೇ ಇಟ್ಟಿದ್ದರೆ ನೀವು ಬಂದು ಅದರಲ್ಲಿ ಕೂತು, ಎಲ್ಲರ ಎದುರಿಗೆ ಕೈ ಸೋತು, ಮತ್ತೆ ಯಾವತ್ತೂ ವಾದ್ಯ ಮುಟ್ಟುತ್ತಿರಲಿಲ್ಲ. ನನಗೆ ನೀವು ಗೊತ್ತಿಲ್ಲವೇ. ಮೂರನೆಯ ಮಂಡೋಲಾಕ್ಕೆ ಹೊಸ ತಂತಿ ಕಟ್ಟಿದ್ದೇನೆ, ಅದನ್ನು ಯಾರಿಗೂ ಕೊಟ್ಟಿಲ್ಲ. ಇನ್ನು ಮೇಲೆ ಹಿಮದ ವಿಷಯ ಸಾಕು. ತೋಳು ಎಷ್ಟರವರೆಗೆ ಏಳುತ್ತದೆ, ಸೊಂಟದವರೆಗೋ ಎದೆಯವರೆಗೋ, ಕನ್ಯಾಸ್ತ್ರೀ ಕೈಯಲ್ಲಿ ಅಳತೆ ತೆಗೆಸಿ ನಿಜ ಬರೆಯಿರಿ. ಬಡಗಿಯನ್ನು ಕರೆಸಿ ಆ ಮಂಡೋಲಾದ ಕುರ್ಚಿಯ ಕಾಲುಗಳನ್ನು ಅಷ್ಟಕ್ಕೆ ಸರಿಯಾಗಿ ಕೊಯ್ಯಿಸುತ್ತೇನೆ.